ಚೀಟಿಯ ಹಿಂದಿನ ನಂಬರು

ಮೊನ್ನೆ ಒಬ್ಬ ತಾಯಿ ನನ್ನ ಅಂಗಡಿಗೆ ಬಂದು ಮೊಬೈಲಿನಲ್ಲಿ ಚಿತ್ರವೊಂದನ್ನು ತೋರಿಸಿ, ಮಗಳಿಗೆ ಬಣ್ಣದ ಪ್ರಿಂಟ್ ಬೇಕು ಎಂದರು. ಮೂಲವಸ್ತುಗಳ ಪಟ್ಟಿ. ಒಂದೊಂದು ಚೌಕದಲ್ಲಿ ಒಂದೆರಡು ಅಕ್ಷರ, ಒಂದು ಅಂಕಿ. ಬಿಸಿ ಹಾಳೆ ಹಿಡಿದು ನಿಂತಿದ್ದ ನನ್ನ ಕಣ್ಣು ತೊಂಬತ್ತನೇ ಚೌಕಕ್ಕೆ ಹೋಯಿತು. ಆ ಕೆಮಿಸ್ಟ್ರಿ ಮೇಷ್ಟ್ರು ನೆನಪಾದರು...

ಕೊಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಜೆರಾಕ್ಸ್ ಅಂಗಡಿ ಇಟ್ಟ ಹೊಸತು. ಅವರು ಎನ್.ಆರ್.ಪುರದವರು, ಇಲ್ಲೊಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು. ಪ್ರತಿ ವರ್ಷ ಮತ್ತೆ ಕರೆದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಶನಿವಾರ ಮಧ್ಯಾಹ್ನ ಒಂದು ಚೀಟಿ ತಂದು ಮೂವತ್ತು ಪ್ರತಿ ಮಾಡಿಸಿ, ಬಸ್ಸಿಗೆ ಕಾಯುವ ವಿದ್ಯಾರ್ಥಿಗಳಿಗೆ ಹಂಚುತ್ತಿದ್ದರು.

ನನ್ನದು ಮೊದಲಿನಿಂದಲೂ ಸಂಶಯದ ಬುದ್ಧಿ. ಯಾರಾದರೂ ಸುಮ್ಮನೆ ನಕ್ಕರೂ ಯಾಕೆ ನಕ್ಕರು ಎಂದು ಸಂಜೆಯವರೆಗೆ ಯೋಚಿಸುವವನು. ಒಂದು ಶನಿವಾರ ಚೀಟಿ ತಿರುಗಿಸಿ ನೋಡಿದೆ. ಮುಂದೆ ನನಗೆ ತಲೆಬುಡ ಅರ್ಥವಾಗದ ನಾಲ್ಕು ಲೆಕ್ಕ. ಹಿಂದೆ ಪೆನ್ಸಿಲಿನಲ್ಲಿ ಸಣ್ಣದಾಗಿ 90, 92, 7, 31. ನಮ್ಮ ಕಡೆ ಓಸಿ ಆಡುವವರು, ಅಂದರೆ ನಂಬರಿನ ಮೇಲೆ ಜೂಜು ಕಟ್ಟುವವರು, ಬರೆಸುವ ಚೀಟಿಯೂ ಹೀಗೆಯೇ ಇರುತ್ತದೆ. ಎಲ್ಲ ನೂರರೊಳಗಿನ ನಂಬರು. ಮೇಷ್ಟ್ರದ್ದೂ ಶನಿವಾರ ಚೀಟಿ, ಸೋಮವಾರ ಫಲಿತಾಂಶ, ಗೆದ್ದವರಿಗೊಂದು ಪೆನ್ನು. ಪೆನ್ನು ಬರೀ ನೆಪ ಎಂದು ನಾನೇ ಸೇರಿಸಿಕೊಂಡೆ. ಹಿಂಬದಿ ಯಾರಿಗೂ ತೋರಿಸಬೇಡಿ ಎಂದು ಅವರು ಮೆತ್ತಗೆ ಹೇಳುತ್ತಿದ್ದದ್ದು ನೆನಪಾಗಿ ಸಂಶಯ ಗಟ್ಟಿಯಾಯಿತು.

ಕಾಲೇಜಿನ ಸಮಿತಿಯಲ್ಲಿದ್ದ ಪರಿಚಯದವರೊಬ್ಬರು ಆಗಲೇ ಅಂಗಡಿಗೆ ಬಂದರು. ಮೇಷ್ಟ್ರು ಮಕ್ಕಳಿಗೆ ಓಸಿ ಆಡಿಸುತ್ತಾರೆ ಎಂದು ಅವರ ಕಿವಿಯಲ್ಲಿ ಊದಿದೆ. ಊರಿನ ಮಕ್ಕಳನ್ನು ಉಳಿಸಿದೆ ಎಂಬ ಹೆಮ್ಮೆ ಬೇರೆ.

ಅವರು ಹೋಗಿ ಅರ್ಧ ಗಂಟೆಯಾಗಿರಲಿಲ್ಲ. ಕೆರೆಕಟ್ಟೆಯ ಹುಡುಗಿಯೊಬ್ಬಳು ಬಸ್ಸಿಗೆ ಕಾಯುತ್ತಾ ಅಂಗಡಿಯ ಬೆಂಚಿನಲ್ಲಿ ಕುಳಿತು ಅದೇ ಚೀಟಿಯ ಮೇಲೆ ಬಗ್ಗಿದ್ದಳು. ಯಾವ ನಂಬರು ಬಿತ್ತು ಎಂದು ಬೇಕೆಂದೇ ಕೇಳಿದೆ.

"ಮೂವತ್ತೊಂದು ಅಣ್ಣ. ಮೂರು ಎಲೆಕ್ಟ್ರಾನ್ ಕಳ್ಕೊಂಡು ಇಪ್ಪತ್ತೆಂಟು ಉಳ್ದಿದೆ. ಹಂಗಾದ್ರೆ ಗ್ಯಾಲಿಯಂ."

ಪ್ರತಿ ಲೆಕ್ಕಕ್ಕೊಂದು ಅಂಕಿ, ಪ್ರತಿ ಅಂಕಿಗೊಂದು ಮೂಲವಸ್ತು. ಥೋರಿಯಂ, ಯುರೇನಿಯಂ, ನೈಟ್ರೋಜನ್, ಗ್ಯಾಲಿಯಂ. ಅವುಗಳ ಗುರುತುಗಳನ್ನು ಸಾಲಾಗಿ ಬರೆದು ತೋರಿಸಿದಳು: Th, U, N, Ga. ತುಂಗಾ! ಹಿಂದಿನ ವಾರದ ಉತ್ತರ ಕೊಪ್ಪ ಅಂತೆ. ಬಸ್ಸು ಬರುವವರೆಗೆ ಮಕ್ಕಳು ಸುಮ್ಮನೆ ಕೂರಬಾರದೆಂದು ಸರ್ ಕೊಡುವ ಒಗಟು.

ಸಮಿತಿಯವರಿಗೆ ಫೋನ್ ಮಾಡಿ ತಪ್ಪಾಯಿತು ಎನ್ನಬಹುದಿತ್ತು. ನಗುತ್ತಾರೆಂದು ಸುಮ್ಮನಾದೆ.

ಮುಂದಿನ ವರ್ಷದ ಉಪನ್ಯಾಸಕರ ಪಟ್ಟಿಯಲ್ಲಿ ಮೇಷ್ಟ್ರ ಹೆಸರಿರಲಿಲ್ಲ. ಎದುರಿಗೆ ಯಾರೂ ಕಾರಣ ಹೇಳಲಿಲ್ಲವಂತೆ, ಜವಾನನಿಂದ ತಿಳಿಯಿತಂತೆ. ನೇರ ನನ್ನಲ್ಲಿಗೇ ಬಂದರು.

"ನಾನು ಓಸಿ ಚೀಟಿ ಹಂಚ್ತೀನಂತೆ ಮಾರಾಯ್ರೆ. ಎಲ್ಲಾ ಚೀಟಿ ನೋಡಿದವ್ರು ನೀವೊಬ್ರೇ. ಪ್ರಿನ್ಸಿಪಾಲರ ಹತ್ರ ಒಂದು ಮಾತು ಹೇಳ್ತೀರಾ?"

ನಾಳೆ ಹತ್ತು ಗಂಟೆಗೆ ಕಾಲೇಜಿನ ಗೇಟಿಗೆ ಬರುತ್ತೇನೆಂದೆ. ಮರುದಿನ ಅಂಗಡಿಯನ್ನೇ ತೆರೆಯಲಿಲ್ಲ. ಚಾಡಿ ಹೇಳಿದ್ದು ನಾನೇ ಎಂದು ಪ್ರಿನ್ಸಿಪಾಲರು ಅವರೆದುರಿಗೆ ಅಂದುಬಿಟ್ಟರೆ ಎಂಬ ಹೆದರಿಕೆಯಿಂದ ಭಂಡಿಗಡಿಯ ನೆಂಟರ ಮನೆಗೆ ಹೋಗಿ ಕುಳಿತೆ. ಮೇಷ್ಟ್ರು ಮಧ್ಯಾಹ್ನದವರೆಗೂ ಗೇಟಿನಲ್ಲೇ ನಿಂತಿದ್ದರೆಂದು ಆಮೇಲೆ ಆ ಹುಡುಗಿ ಹೇಳಿದಳು...

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಎನ್.ಆರ್.ಪುರಕ್ಕೆ ಹೋದೆ. ಕೊಪ್ಪದ ಜೆರಾಕ್ಸ್ ಅಂಗಡಿಯವನು ಎಂದೊಡನೆ ಅವರ ಹೆಂಡತಿಗೆ ಗುರುತು ಹತ್ತಿತು. ಒಳಗೆ ಕರೆದು ಕೂರಿಸಿದರು.

"ಅವತ್ತು ನಿಮಗೆ ಹುಷಾರಿರ್ಲಿಲ್ಲವೇನೋ ಅಂತ ಇವ್ರು ಯಾವಾಗ್ಲೂ ಹೇಳೋರು. ಇಲ್ದಿದ್ರೆ ಬಂದೇ ಬರ್ತಿದ್ರು ಅಂತ."

ನಾನು ಹೌದು ಎಂದೆ. ಜ್ವರ ಇತ್ತು ಎಂದೆ.