ಗುಂಡು ಚೆನ್ನಾಗಿದೆ, ಒರಳೆಲ್ಲಿ?

ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ನಮ್ಮ ಪಕ್ಕದ ಮನೆಯವರು ರೊಮೇನಿಯಾದ ಶಿಲ್ಪಿ. ಬೆಳಗಾದರೆ ಸಾಕು, ಟಕಟಕ. ಕೆರೆಯ ಬಾತುಕೋಳಿಗಳಿಗೆ ಅದು ಅಭ್ಯಾಸವಾಗಿತ್ತು, ನನಗೆ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಡಾಕ್ಟರಿಗೆ ಕಲಾವಿದರ ಮೇಲೆ ಎಷ್ಟು ಗೌರವ ಉಳಿದೀತು?

ಬೇಲಿಯಾಚೆ ನಿಂತು ಅವರು ತಮ್ಮ ಜೀವನಚರಿತ್ರೆಯನ್ನು ಕಂತುಕಂತಾಗಿ ಹೇಳಿದ್ದರು. ಹರೆಯದಲ್ಲಿ ಸಿಕ್ಕ ಸರ್ಕಾರಿ ಕೆಲಸ, ಸರ್ವಾಧಿಕಾರಿಯ ತಲೆ ಕೆತ್ತುವುದು. ಕಿವಿ ಸ್ವಲ್ಪ ಚಿಕ್ಕದಿರಲಿ ಎಂದು ಮೇಲಿನಿಂದ ಅಪ್ಪಣೆ. ಕೆತ್ತಿದವನ ಹೆಸರು ಎಲ್ಲೂ ಕಾಣಕೂಡದು. ಸರ್ಕಾರ ಬಿದ್ದದ್ದೇ ತಡ, ಜನ ಎಲ್ಲ ತಲೆಗಳನ್ನೂ ಪುಡಿ ಮಾಡಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. “ಎರಡನ್ನ ನಾನೇ ಒಡೆದೆ. ಎಲ್ಲಿ ಹೊಡೆದ್ರೆ ಬೇಗ ಒಡೆಯುತ್ತೆ ಅಂತ ನನಗೆ ತಾನೆ ಗೊತ್ತಿದ್ದಿದ್ದು,” ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಆಮೇಲೆ ಪರ್ತ್‌ಗೆ ಬಂದು ಸಮಾಧಿ ಕಲ್ಲುಗಳ ಮೇಲೆ ಸತ್ತವರ ಹೆಸರು ಕೆತ್ತಿದರು. ಬ್ರಿಸ್ಬೇನಿನಲ್ಲಿ ಅಡುಗೆಕಟ್ಟೆಯ ಕಲ್ಲು ಕುಯ್ದರು. ಅಲ್ಲಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಬಡಾವಣೆಯ ನಮ್ಮವರು ಈಗಲೂ ಅವರ ಕಲಾಕೃತಿಗಳ ಮೇಲೆ ಚಪಾತಿ ಲಟ್ಟಿಸುತ್ತಿದ್ದಾರೆ. ಅಡಿಲೇಡಿಗೆ ಬಂದದ್ದು ನಿವೃತ್ತರಾಗಿ, ಸ್ವಂತಕ್ಕೆ ಕೆತ್ತಲು. ತಮ್ಮ ಹೆಸರಿರುವ ಒಂದೇ ಒಂದು ಕಲ್ಲು ಯಾರ ಮನೆಯಲ್ಲಾದರೂ ಉಳಿಯಬೇಕು, ಅಷ್ಟೇ ಅವರ ಆಸೆ. ಆ ಹೆಸರಿಗೂ ಒಂದು ಗ್ರಹಚಾರ. ಅವರ ಭಾಷೆಯಲ್ಲಿ ಅದರ ಮೊದಲ ಅಕ್ಷರದ ಕೆಳಗೆ ಪುಟ್ಟ ಬಾಲವಿದೆಯಂತೆ. ಇಲ್ಲಿನ ಕಚೇರಿಗಳು ಅದನ್ನು ಕತ್ತರಿಸಿ ಹಾಕಿದ್ದವು.

ಹೋದ ವರ್ಷ ಲೈಬ್ರರಿಯ ಹಾಲ್‌ನಲ್ಲಿ ಅವರ ಪ್ರದರ್ಶನ ನಡೆಯಿತು. ಮೈಸೂರಿನಿಂದ ಬಂದಿದ್ದ ನನ್ನ ಅತ್ತೆಯನ್ನೂ ಕರೆದುಕೊಂಡು ಹೋದೆ. ನಡುವಿನ ಪೀಠದ ಮೇಲೆ ಕಪ್ಪು ಗ್ರಾನೈಟಿನ ದೊಡ್ಡ ಮೊಟ್ಟೆ. ಅದರ ಹೆಸರು ‘ಮೌನ’. ಮುಟ್ಟಬೇಡಿ ಎಂಬ ಫಲಕ ಬೇರೆ. ಬಂದವರೆಲ್ಲ ತಲೆ ಓರೆ ಮಾಡಿ ನೋಡಿ, ವೈನ್ ಕುಡಿದು ಹೋದರು. ಅತ್ತೆ ಮಾತ್ರ ಎರಡೂ ಕೈಯಲ್ಲಿ ಹಿಡಿದು ಅದನ್ನು ಒಂದು ಸುತ್ತು ತಿರುಗಿಸಿದರು.

“ಗುಂಡು ಚೆನ್ನಾಗಿದೆ. ಒರಳೆಲ್ಲಿ?”

ಏನಂದರು ಎಂದು ಶಿಲ್ಪಿ ಕೇಳಿದರು. ಸುಳ್ಳು ಹೇಳಬಹುದಿತ್ತು. ಆದರೆ ನಿದ್ದೆ ಕೆಡಿಸಿದವರ ಮೇಲೆ ಸೇಡು ತೀರಿಸಿಕೊಳ್ಳುವ ಅವಕಾಶ ದಿನವೂ ಸಿಗುತ್ತದೆಯೇ? ಇದು ಅಕ್ಕಿ ರುಬ್ಬುವ ಕಲ್ಲಿನ ಅರ್ಧವಂತೆ, ಇನ್ನರ್ಧ ಎಲ್ಲಿ ಎಂದು ಕೇಳುತ್ತಿದ್ದಾರೆ ಎಂದೆ. ಅವರ ಮುಖ ಕೆಂಪಾಯಿತು. ಆದರೂ, ಆ ಇನ್ನರ್ಧ ಹೇಗಿರುತ್ತದೆ ಎಂದರು. ಅತ್ತೆ ಗಾಳಿಯಲ್ಲೇ ಗುಳಿ ತೋಡಿ ತೋರಿಸಿದರು.

ಪ್ರದರ್ಶನ ಮುಗಿಯಿತು. ಒಂದು ಕಲ್ಲೂ ಯಾರ ಮನೆಗೂ ಹೋಗಲಿಲ್ಲ. ಬೇಲಿಯಾಚೆ ಟಕಟಕ ಇನ್ನೂ ಜೋರಾಯಿತು. ಕೊನೆಗೊಂದು ಶನಿವಾರ ಅವರು ತಳ್ಳುಗಾಡಿಯಲ್ಲಿ ಹೊಸ ಒರಳನ್ನೂ ಮೌನವನ್ನೂ ತಂದು ನಮ್ಮ ಹಿತ್ತಲಲ್ಲಿ ಇಳಿಸಿದರು. ಅತ್ತೆ ನೆನೆಸಿದ ಅಕ್ಕಿ ಹಾಕಿ ತಿರುಗಿಸಿ ನೋಡಿ, “ತೀರಾ ನುಣುಪು ಕಣೆ, ಅಕ್ಕಿ ಜಾರುತ್ತೆ. ಸ್ವಲ್ಪ ಕುಟ್ಟಿಕೊಡಕ್ಕೆ ಹೇಳು,” ಎಂದರು. ತಿಂಗಳುಗಟ್ಟಲೆ ಉಜ್ಜಿ ಹೊಳಪು ಕೊಟ್ಟಿದ್ದ ಮೌನವನ್ನು ಶಿಲ್ಪಿ ಅಲ್ಲೇ ಕೂತು ಉಳಿಯಿಂದ ಕುಟ್ಟಿದರು. ನಾನು ಕಿವಿಗೆ ಹತ್ತಿ ಇಟ್ಟುಕೊಂಡೆ.

ಈ ಸಲ ಹಿಟ್ಟು ಹದವಾಗಿ ಬಂತು. “ಕೊಟ್ಟವರ ಹೆಸರು ಹಾಕ್ಬೇಕಲ್ಲ? ಮದುವೇಲಿ ಪಾತ್ರೆ ಮೇಲೆ ಹಾಕ್ಸಲ್ವಾ, ಹಾಗೆ,” ಎಂದರು ಅತ್ತೆ.

ಅದನ್ನು ಹೇಳಿದಾಗ ಶಿಲ್ಪಿ ನನ್ನ ಮುಖವನ್ನೇ ನೋಡಿದರು, ತಮಾಷೆಯೋ ಏನೋ ಎಂಬಂತೆ. ಆಮೇಲೆ ಒರಳಿನ ಅಂಚಿನಲ್ಲಿ ನಿಧಾನವಾಗಿ ಕೆತ್ತಿದರು, ಬಾಲವನ್ನೂ ಸೇರಿಸಿ.

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿದರು. “ಇಂಗ್ಲಿಷಲ್ಲೂ ಒತ್ತಕ್ಷರ ಇದ್ಯೇನೆ?”

ಇಂಗ್ಲಿಷಲ್ಲ, ಅವರ ಭಾಷೆ, ಬಾಲವಿದ್ದರೆ ‘ಸ’ ಅಲ್ಲ ‘ಶ’ ಅಂತೆ ಎಂದೆ. ಅತ್ತೆ ಅಕ್ಷರಗಳ ಮೇಲೆ ಬೆರಳಿಟ್ಟು, ಒಂದೊಂದನ್ನೇ ಕೂಡಿಸಿಕೊಂಡು, ಹೆಸರನ್ನು ಗಟ್ಟಿಯಾಗಿ ಓದಿದರು. ಶಿಲ್ಪಿ ಇನ್ನೊಮ್ಮೆ ಎಂದರು. ಅತ್ತೆ ಇನ್ನೊಮ್ಮೆ ಓದಿದರು. ಶಿಲ್ಪಿ ಹುಲ್ಲಿನ ಮೇಲೆ ಕೂತುಬಿಟ್ಟರು.

“ಪರ್ತ್‌ನಲ್ಲಿ ಇಳಿದ ಮೇಲೆ ಯಾರೂ ನನ್ನನ್ನ ಹೀಗೆ ಕರೆದಿರಲಿಲ್ಲ,” ಎಂದರು.

ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, ಸೆರಗಿನಿಂದ ಒರಳಿನ ಅಂಚಿನ ಪುಡಿ ಒರೆಸಿದರು.

“ಅಷ್ಟೇ ತಾನೆ? ದಿನಾ ಬರಕ್ಕೆ ಹೇಳು, ಕರೀತೀನಿ. ಬಂದಾಗ ಹಾಗೇ ಸ್ವಲ್ಪ ಅಕ್ಕೀನೂ ರುಬ್ಬಿಕೊಡ್ಲಿ.”