ರಾಟೆ ನಿಂತರೆ ಒಂದನೇ ನಂಬರು

ನಮ್ಮ ಅತ್ತೆಯ ಎಡಗೈ ತೋರುಬೆರಳಿನ ಮೇಲೆ ಒಂದು ಗೀರಿತ್ತು. ಮದುವೆಯಾಗಿ ಬಂದಾಗಿನಿಂದ ನೂಲು ಹಾಯ್ದು ಹಾಯ್ದು ಬಿದ್ದದ್ದು. ಎಷ್ಟು ಎಣ್ಣೆ ತಿಕ್ಕಿದರೂ ಅಳಿಯುತ್ತಿರಲಿಲ್ಲ. ಬಲಗೈ ರಾಟೆ ತಿರುಗಿಸಿದರೆ ಆ ಗೀರಿನಲ್ಲೇ ನೂಲು ಜಾರಿ, ಲಾಳಿಗೆ ಹಾಕುವ ಕಂಡಿಕೆಗೆ ಸುತ್ತಿಕೊಳ್ಳುತ್ತಿತ್ತು. ಬೆಟಗೇರಿಯ ನೇಕಾರರ ಮನೆಯಲ್ಲಿ ಹೆಂಗಸರ ರಾಟೆ ಹಗಲು ನಿಲ್ಲುವುದು ಉಣ್ಣುವ ಹೊತ್ತಿಗೆ ಮಾತ್ರ. ಅತ್ತೆಯದು ಇನ್ನೊಮ್ಮೆ ನಿಲ್ಲುತ್ತಿತ್ತು, ಹಾಡು ಮನಸ್ಸು ಹಿಡಿದಾಗ.

ಹಾಡು ತರುತ್ತಿದ್ದವರು ಎದುರುಮನೆಯ ಮೈಕ್‌ಸೆಟ್ಟಿನ ಕಾಕಾ. ಮುಂಡರಗಿ, ಶಿರಹಟ್ಟಿ, ಬೆಳ್ಳಟ್ಟಿ ಕಡೆಯ ಮದುವೆಗಳಿಗೆ ಸ್ಪೀಕರ್ ಕಟ್ಟುತ್ತಿದ್ದರು. ಹೊಸ ರೆಕಾರ್ಡ್ ಕೊಂಡರೆ ಮೊದಲು ನಮ್ಮ ಪಡಸಾಲೆಗೇ ಬರಬೇಕು. ವಾರಕ್ಕೊಮ್ಮೆ ಕರೆಂಟ್ ತೆಗೆದ ದಿನ ನಮ್ಮ ಪವರ್‌ಲೂಮುಗಳ ಬಾಯಿ ಮುಚ್ಚುತ್ತಿತ್ತು. ಕಾಕಾ ಬ್ಯಾಟರಿಯ ಮೇಲೆ ರೆಕಾರ್ಡ್ ಹಚ್ಚುತ್ತಿದ್ದರು. ಅತ್ತೆಯ ರಾಟೆ ತಾನಾಗಿ ನಿಂತರೆ ಪಾಸು. ನಿಲ್ಲದಿದ್ದರೆ, “ಕೈ ನಿಂದ್ರಸಲಿಲ್ಲಂದ್ರ ಅದೆಂಥಾ ಹಾಡೋ ತಮ್ಮಾ? ಮದುವಿ ಮಂದಿ ಉಣ್ಣುವಾಗ ಹಚ್ಚು, ಹೋಗು” ಎನ್ನುವರು ಅತ್ತೆ.

ಆಮೇಲೆ, ಪಕ್ಕದಲ್ಲಿ ಇನ್ನೊಂದು ರಾಟೆ ತಿರುಗಿಸುತ್ತಿದ್ದ ನನ್ನ ಕಡೆ ತಿರುಗಿ, “ನಿನ್ನ ಲೆಕ್ಕದಾಗ ಹೆಂಗೈತಿ?” ಎಂದು ಕೇಳುವರು. ಮುಳಗುಂದದಿಂದ ಸೊಸೆಯಾಗಿ ಬಂದ ನನ್ನನ್ನು ಸಾರಿಗೆ ಉಪ್ಪು ಸಾಕೇ ಎಂದು ಕೂಡ ಯಾರೂ ಕೇಳಿರಲಿಲ್ಲ. “ನೀವಂದಂಗ ಐತ್ರಿ” ಎಂದರೆ ಅತ್ತೆಗೆ ಸಿಟ್ಟು. “ನಾ ಅಂದದ್ದು ನನಗ ಗೊತ್ತೈತಿ. ನಿಂದೇನು?”

ಎಪ್ಪತ್ತರ ದಶಕ ಮುಗಿದಾಗ, ಕರೆಂಟ್ ತೆಗೆದ ಒಂದು ದಿನ ಕಾಕಾ ಚಹಾದಂಗಡಿಯಿಂದ ಒಂದು ಪೇಪರ್ ತಂದರು. ಆ ಹತ್ತು ವರ್ಷದ ಹತ್ತು ಛಲೋ ರೆಕಾರ್ಡ್ ಯಾವುವು ಎಂದು ಯಾರೋ ವಿಮರ್ಶಕರು ನಂಬರ್ ಹಚ್ಚಿ ಬರೆದಿದ್ದರು. ನಾನು ಓದಿ ಹೇಳಿದೆ. ಮೇಲಿನವೆಲ್ಲ ಈಚಿನವು. ಅತ್ತೆ ಕೆರಳಿದರು.

“ಆ ಪುಣ್ಯಾತ್ಮಗ ಕಿವಿ ಅದಾವಿಲ್ಲೋ? ನನ್ನ ರಾಟಿ ನಿಂದ್ರಿಸಿದ್ದ ಭಜನಿ ರೆಕಾರ್ಡ್ ಎಂಟನೇದಂತ! ಈಗಿನವರು ಬಾಯಾಗ ಎಲಿ ಅಡಕಿ ಇಟ್ಕೊಂಡು ಹಾಡ್ತಾರ. ಒಂದರ ಅಕ್ಷರ ತಿಳಿತೈತೇನು?”

“ಯಾಕ ಸಿಟ್ಟಾಗ್ತೀರಿ ಅಕ್ಕಾರ? ಒಂದನೇದು ನನ್ನ ಹತ್ರನ ಐತಿ. ಹಚ್ಚಲೇನು?”

“ಹಚ್ಚು. ನನ್ನ ರಾಟಿ ನಿಂತ್ರ ಪೇಪರ್ ಖರೆ. ನಿಲ್ಲಲಿಲ್ಲಂದ್ರ ಅದು ಒಲಿಗೆ.”

ಕಾಕಾ ಮುಳ್ಳು ಇಳಿಸಿದರು. ಒಬ್ಬ ಹೆಣ್ಣುಮಗಳ ದನಿ. ತಂಬೂರಿ ಬಿಟ್ಟರೆ ಬೇರೆ ವಾದ್ಯವಿಲ್ಲ. ಮಗ್ಗುಲಲ್ಲಿ ಕುಳಿತು ಕಷ್ಟಸುಖ ಹೇಳಿಕೊಂಡ ಹಾಗೆ ಮೆಲ್ಲಗೆ ಹಾಡುತ್ತಿದ್ದಳು. ಅತ್ತೆಯ ರಾಟೆ ತಿರುಗುತ್ತಲೇ ಇತ್ತು. “ನೋಡಪ್ಪಾ, ನಿಂತತೇನು?” ಎಂದು ಗೆದ್ದವರಂತೆ ಕಾಕಾನ ಮುಖ ನೋಡಿದರು. ಕಾಕಾ ನೋಡುತ್ತಿದ್ದದ್ದು ನನ್ನ ಕಡೆ. ಅತ್ತೆಯೂ ತಿರುಗಿದರು.

ನನ್ನ ರಾಟೆ ನಿಂತಿತ್ತು. ಯಾವಾಗ ನಿಂತಿತೋ ನನಗೇ ಗೊತ್ತಿರಲಿಲ್ಲ.

“ಅಕ್ಷರ ತಿಳಿಯಾಕ ಹತ್ಯಾವೇನು?” ಎಂದರು ಅತ್ತೆ.

“ಹೂಂನ್ರಿ ಅತ್ತಿ.”

“ಎಲ್ಲಾ?”

ಇಲ್ಲ ಎನ್ನಬೇಕೆನಿಸಿತು. ಆದರೆ ಕೈ ಆಗಲೇ ಹೇಳಿಬಿಟ್ಟಿತ್ತು. “ಎಲ್ಲಾ ತಿಳಿತಾವ್ರಿ.”

ಪವರ್‌ಲೂಮ್ ಬಂದ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವು. ಹಗಲೆಲ್ಲ ಆ ಸದ್ದಿನ ಪಕ್ಕದಲ್ಲೇ ಕೂಡುತ್ತಿದ್ದ ಅತ್ತೆಯ ಕಿವಿ ಮಂದವಾದದ್ದು ಆ ಕೂಗಾಟದಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರಿಗೂ.

ಅತ್ತೆ ರಾಟೆ ಬಿಟ್ಟು ರೆಕಾರ್ಡ್ ಪೆಟ್ಟಿಗೆಯ ಹತ್ತಿರ ಸರಿದು ಕುಳಿತರು. ದನಿ ಏರಿಸಲು ಕಾಕಾ ಕೈ ಹಾಕಿದರೆ ತಡೆದರು. “ಆಕಿ ಮೆಲ್ಲಕ ಹಾಡ್ಯಾಳಂದ್ರ ಮೆಲ್ಲಕನ ಇರಲಿ.” ಹಾಡು ಮುಗಿದ ಮೇಲೂ ಬೆರಳಿನ ಗೀರು ತಿಕ್ಕುತ್ತ ಕುಳಿತೇ ಇದ್ದರು. ಕೊನೆಗೆ, “ಪೇಪರ್ ಒಲಿಗೆ ಹಾಕಬ್ಯಾಡ. ಕಿವಿಗೆ ಬೀಳದ ಹಾಡಿಗೆ ನಾ ಹೆಂಗ ನಂಬರ್ ಹಚ್ಚಲಿ? ಇನ್ನ ಮ್ಯಾಲ ಇಕಿ ಹೇಳ್ತಾಳ” ಎಂದರು.

ಅಂದಿನಿಂದ ಹೊಸ ರೆಕಾರ್ಡ್ ಬಂದಾಗೆಲ್ಲ ಅತ್ತೆಯ ಕಣ್ಣು ನನ್ನ ರಾಟೆಯ ಮೇಲೆ. ದನಿ ಹೇಗಿತ್ತು, ಎಲ್ಲಿ ತೆಳ್ಳಗಾಯಿತು ಎಂದು ನಾನು ಅವರ ಕಿವಿಯ ಬಳಿ ಕೂಗಿ ಹೇಳಬೇಕು. ಹೇಳಿದ್ದಕ್ಕೆಲ್ಲ ತಕರಾರು. “ಆಕಿ ಚಂದ ಹಾಡಿದ್ಳೋ, ನಿನಗ ನಿದ್ದಿ ಬಂದಿತ್ತೋ?” ಉತ್ತರ ಕೊಡಲಿಕ್ಕಾಗಿ ಮತ್ತೆ ಹಚ್ಚಿಸಿ ಕೇಳುತ್ತಿದ್ದೆ. ನನ್ನದೂ ಒಂದು ಮಾತು ಎಂಬುದು ಹುಟ್ಟಿದ್ದು ಆ ಜಗಳದಲ್ಲಿ.

ಎಂಬತ್ತರ ದಶಕ ಮುಗಿಯುವ ಮೊದಲೇ, ಒಂದು ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ದಶಕ ಮುಗಿದಾಗ ಪೇಪರಿನಲ್ಲಿ ಮತ್ತೆ ಹತ್ತರ ಪಟ್ಟಿ ಬಂತು. ಅಷ್ಟರಲ್ಲಿ ರೆಕಾರ್ಡ್ ಹೋಗಿ ಕ್ಯಾಸೆಟ್ ಬಂದಿತ್ತು. ಕರೆಂಟ್ ತೆಗೆದ ದಿನ ಕಾಕಾ ಬಂದು ಒಂದನೆಯದನ್ನು ಹಚ್ಚಿದರು. ಎರಡೂ ಮಗ್ಗುಲು ಮುಗಿದವು. ನನ್ನ ರಾಟೆ ನಿಲ್ಲಲಿಲ್ಲ.

“ಏನ್ ಮಾಡೂದವ್ವಾ?” ಎಂದರು ಕಾಕಾ, ಪೇಪರ್ ಮಡಚುತ್ತ.

ಅತ್ತೆ ಕೂಡುತ್ತಿದ್ದ ಜಾಗದ ಕಡೆ ಇಬ್ಬರೂ ನೋಡಿದೆವು.

“ಒಲಿಗೆ ಹಾಕ್ರಿ ಕಾಕಾ” ಎಂದೆ.

ಅಷ್ಟು ಗಟ್ಟಿಯಾಗಿ ಕೂಗುವ ಅಗತ್ಯವಿರಲಿಲ್ಲ. ಅತ್ತೆಗೆ ಕೇಳಲಿ ಎಂದು ಕೂಗಿ ರೂಢಿಯಾಗಿತ್ತು.