ಸೋದರತ್ತೆ ಇಟ್ಟ ಹೆಸರು

ಬೆಂಗಳೂರಿಗೆ ಬಂದ ಮೂರನೆಯ ದಿನ ನನ್ನ ಹೆಸರು ಹೋಯಿತು. ಚಪ್ಪಲಿ ಹೋದರೆ ಹುಡುಕಬಹುದು. ಇದು ಕಣ್ಣೆದುರೇ ಹೋಯಿತು. ವೈಟ್‌ಫೀಲ್ಡಿನ ಒಂದು ಡೇ ಕೇರ್‌ನಲ್ಲಿ, ಅಂದರೆ ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೋದ ಮೇಲೆ ಅವರ ಕೂಸುಗಳನ್ನು ನೋಡಿಕೊಳ್ಳುವ ಜಾಗದಲ್ಲಿ, ನನಗೆ ಆಯಾ ಕೆಲಸ ಸಿಕ್ಕಿತ್ತು. ಅಲ್ಲಿನ ಮ್ಯಾನೇಜರ್ ಮೇಡಂ ನನ್ನ ಅರ್ಜಿ ನೋಡಿ ಮುಖ ಸಣ್ಣದು ಮಾಡಿದರು.

"ದ್ಯಾಮವ್ವ ಅಂದ್ರೆ ಪೇರೆಂಟ್ಸ್‌ಗೆ ಒಂಥರಾ ಅನ್ಸತ್ತೆ. ದಿವ್ಯಾ ಅಂತ ಹಾಕ್ಲಾ? ಬ್ಯಾಡ್ಜಿಗಷ್ಟೇ."

"ಹಾಕ್ರಿ ಮೇಡಂ," ಎಂದೆ. ಕೆಲಸ ಬೇಕಿತ್ತು. ಊರು ಕಾಯುವ ದೇವಿಯ ಹೆಸರು ಒಂದು ಬ್ಯಾಡ್ಜಿಗೆ ಒಗ್ಗಲಿಲ್ಲ, ತಾಯಿ ಸಿಟ್ಟಾಗದಿರಲಿ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಬ್ಯಾಡ್ಜಿಗಷ್ಟೇ ಎಂದ ಆ ಹೆಸರು ಆರು ವರ್ಷವಾದರೂ ನನ್ನ ಬೆನ್ನು ಬಿಟ್ಟಿಲ್ಲ.

ನಾನಿರುವುದು ಪಟ್ಟಂದೂರು ಅಗ್ರಹಾರದಲ್ಲಿ, ತಗಡಿನ ಸೂರಿನ ಸಾಲು ಕೋಣೆಗಳಲ್ಲಿ ಒಂದರಲ್ಲಿ. ಎಡಕ್ಕೆ ತೆಲುಗಿನವರು, ಬಲಕ್ಕೆ ಒಡಿಶಾದವರು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ನಮ್ಮವರು ಅನ್ನುತ್ತಾರಲ್ಲ, ಇಲ್ಲಿ ನೀರಿಗೆ ಬಂದರೂ ಯಾರೂ ಮಾತಾಡಿಸುವುದಿಲ್ಲ. ಟ್ಯಾಂಕರ್ ಬಂದಾಗ ಒಬ್ಬರ ಕೊಡ ಒಬ್ಬರು ಸರಿಸುತ್ತಾರೆ, ಅಷ್ಟೇ. ಊರಲ್ಲಿ ಒಂದು ಕೊಡ ನೀರು ತರುವಷ್ಟರಲ್ಲಿ ಹತ್ತು ಮಂದಿ "ಏ ದ್ಯಾಮಿ" ಎಂದು ಕೂಗುತ್ತಿದ್ದರು. ಇಲ್ಲಿ ಗಲ್ಲಿಯಲ್ಲಿ "ಅಕ್ಕಾ", ಕೆಲಸದಲ್ಲಿ "ದಿವ್ಯಾ". ಭಾನುವಾರ ರೊಟ್ಟಿ ಬಡಿಯುತ್ತ ನನ್ನ ಹೆಸರನ್ನು ನಾನೇ ಜೋರಾಗಿ ಕೂಗಿಕೊಂಡದ್ದುಂಟು. ನಗಬೇಡಿ. ಒಬ್ಬರೇ ಇದ್ದು ನೋಡಿ, ಗೊತ್ತಾಗುತ್ತದೆ.

ಹಾಲಿನ ಬಾಟಲಿ, ಟವೆಲ್ಲುಗಳ ಮೇಲೆ ಕೂಸುಗಳ ಹೆಸರು ಬರೆದು ಅಂಟಿಸುವುದು ನನ್ನ ಕೆಲಸ. ವಿಹಾನ್, ಅನ್ವಿತಾ, ರೆಯಾಂಶ್, ಆದ್ಯಾ. ಯಾವ ಹೆಸರಿನ ಕೊನೆಯಲ್ಲೂ ಅವ್ವ ಇಲ್ಲ, ಅಪ್ಪ ಇಲ್ಲ. ನಮ್ಮ ಕಡೆ ಹೆಸರು ಕೇಳಿದರೆ ಯಾವ ದೇವರ ಒಕ್ಕಲು, ಯಾವ ಅಜ್ಜಿಯ ಮೊಮ್ಮಗಳು ಎಂದು ಹೇಳಿಬಿಡುತ್ತಾರೆ. ಇಲ್ಲಿ ಹೆಸರು ಕೇಳಿ ಅಪಾರ್ಟ್‌ಮೆಂಟೋ ತಗಡಿನ ಶೆಡ್ಡೋ ಎಂದು ಅಳೆಯುತ್ತಾರೆ. ಒಮ್ಮೆ ಜ್ವರ ಬಂದು ಆಸ್ಪತ್ರೆಗೆ ಹೋಗಿದ್ದೆ. ಚೀಟಿಯಲ್ಲಿ ನನ್ನ ಹಳೆಯ ಹೆಸರೇ ಇತ್ತು. ನರ್ಸ್ "ದ್ಯಾಮವ್ವಾ" ಎಂದು ಕೂಗಿದಳು. ಗಾಜಿನ ಬಾಗಿಲಿನ ಆ ಹಾಲ್‌ನಲ್ಲಿ ಕುಳಿತಿದ್ದವರೆಲ್ಲ ತಲೆಯೆತ್ತಿದರು. ಎದ್ದು ನಿಂತವಳ ಮುಖಕ್ಕಿಂತ ಮೊದಲು ಚಪ್ಪಲಿ ನೋಡಿದರು. ನಮ್ಮ ಮನೆಯ ಇನ್ನೊಂದು ಕೂಸಿಗೆ ಈ ಗತಿ ಬರಬಾರದು ಎಂದು ಆವತ್ತೇ ಅಂದುಕೊಂಡೆ.

ಮುಂದಿನ ವರ್ಷ ನನ್ನ ತಮ್ಮನಿಗೆ ಹೆಣ್ಣು ಕೂಸಾಯಿತು. ನಮ್ಮಲ್ಲಿ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ಅದರ ಅಪ್ಪನ ಅಕ್ಕತಂಗಿಯರದು. ನಾನು ಗಂಡ ಬಿಟ್ಟವಳು, ಮಕ್ಕಳಿಲ್ಲದವಳು. ನನ್ನದು ಎಂದು ಎದೆ ತಟ್ಟಿ ಹೇಳಲು ಇದ್ದದ್ದು ಅದೊಂದೇ ಹಕ್ಕು.

ಅಪ್ಪ ಫೋನ್ ಮಾಡಿದ. "ನಿಮ್ಮವ್ವ ಹೋಗಿ ವರ್ಸಾತು. ಕಾಶವ್ವ ಅಂತ ಹೆಸರಿಡು ತಂಗೀ. ಮನ್ಯಾಗ ಮತ್ತ ಆಕಿ ಹೆಸರು ಕೇಳಲಿ."

ಆಮೇಲೆ ತಮ್ಮನ ಹೆಂಡತಿ ಗುಟ್ಟಾಗಿ ಫೋನ್ ಮಾಡಿದಳು. "ಅಕ್ಕಾರ, ಅಲ್ಲಿ ಸಾವ್ಕಾರ ಮಂದಿ ಇಡೂವಂಥಾ ಹೆಸರು ತರ್ರಿ. ನನ್ನ ಮಗಳು ನನ್ಹಂಗ ಆಗೋದು ಬ್ಯಾಡ್ರಿ."

ಊರಿಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವ್ವನ ಹೆಸರನ್ನೂ ಬಾಟಲಿಗಳ ಮೇಲೆ ಬರೆಯುತ್ತಿದ್ದ ಒಂದು ಹೆಸರನ್ನೂ ಬಾಯಲ್ಲಿ ಆಡಿಸಿದೆ. ಅವ್ವನ ಮುಖ ಕಣ್ಣ ಮುಂದೆ ಬರುತ್ತಿತ್ತು, ಅದರ ಹಿಂದೆಯೇ ಆಸ್ಪತ್ರೆಯಲ್ಲಿ ಚಪ್ಪಲಿ ನೋಡಿದ ಆ ಕಣ್ಣುಗಳು ಬರುತ್ತಿದ್ದವು.

ತೊಟ್ಟಿಲ ಕಾರ್ಯದ ದಿನ ಅತ್ತೆಯಾದವಳು ಕೂಸಿನ ಕಿವಿಗೆ ಬಾಗಿ "ಕುರ್‍ರ್" ಎಂದು ಹೆಸರು ಉಸುರಬೇಕು. ಉಸುರುತ್ತಿದ್ದಂತೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನಮ್ಮ ಪದ್ಧತಿಯೇ ಹಾಗೆ, ಪ್ರೀತಿಯೂ ಹಾಗೆ. ನಾನು ಬಾಗಿ "ಆದ್ಯಾ" ಎಂದೆ. ದಬದಬ ಗುದ್ದು ಬಿದ್ದವು. ಅವ್ವನ ಮಣ್ಣಿನ ದಿನ ಬಿಟ್ಟರೆ ಮೂರು ವರ್ಷದಿಂದ ನನ್ನನ್ನು ದೊಡ್ಡವರ ಕೈ ಒಂದೂ ಮುಟ್ಟಿರಲಿಲ್ಲ. ಅಷ್ಟು ಕೈಗಳು ಒಟ್ಟಿಗೆ ಬಿದ್ದಾಗ ನಗುತ್ತ ನಗುತ್ತಲೇ ಕಣ್ಣೀರು ಬಂತು.

ಎಲ್ಲರಿಗೂ ಹಂಚಿದ ಗುಗ್ಗರಿ ಕಾಳನ್ನು ಅಪ್ಪ ಮುಟ್ಟಲಿಲ್ಲ. "ಚಲೋ ಆತು ಬಿಡು," ಎಂದು ಎದ್ದು ಹೋಗಿ ಕಟ್ಟೆಯ ಮೇಲೆ ಕುಳಿತ. ಮೊಮ್ಮಗಳನ್ನು ಇವತ್ತಿಗೂ "ಏ ಕೂಸ" ಎಂದೇ ಕರೆಯುತ್ತಾನೆ. ಹಟಮಾರಿ ಮುದುಕ ಎಂದು ಬೈದುಕೊಂಡೆ. ಆಗ ಮಾತ್ರ ಗೆದ್ದವಳ ಹಾಗೆ ಬೆಂಗಳೂರಿನ ಬಸ್ ಹತ್ತಿದ್ದೆ.

ಈ ವರ್ಷ ನಮ್ಮ ಡೇ ಕೇರ್‌ಗೆ ಎಂಟು ತಿಂಗಳ ಹೊಸ ಕೂಸು ಬಂತು. ಕೊರಳಲ್ಲಿ ಕಂಪನಿಯ ಕಾರ್ಡು ಹಾಕಿಕೊಂಡ ತಾಯಿ ಬ್ಯಾಗಿನಿಂದ ಬಾಟಲಿಗಳನ್ನು ತೆಗೆದಿಟ್ಟಳು. ಪೆನ್ನು ಹಿಡಿದು ಹೆಸರು ಕೇಳಿದೆ.

"ಕಾಶವ್ವ. ಕಾಶಿ ಅಂತ ಕರೀತೀವಿ," ಎಂದಳು. "ನಮ್ಮನೆಯವರ ಮುತ್ತಜ್ಜಿ ಹೆಸರು. ತುಂಬಾ ರೂಟೆಡ್ ಆಗಿದೆ ಅಲ್ವಾ?" ರೂಟೆಡ್ ಎಂದರೆ ಬೇರು ಇರುವುದು ಎಂದು ಆಮೇಲೆ ಕೇಳಿ ತಿಳಿದುಕೊಂಡೆ. "ಮೊದ್ಲು ಆದ್ಯಾ ಅಂತ ಇಡೋಣ ಅನ್ಕೊಂಡಿದ್ವಿ. ಈಗ ಎಲ್ರೂ ಅದನ್ನೇ ಇಡ್ತಾರೆ. ನಮ್ಮ ಮನೆಕೆಲಸದವಳ ಮಗಳೂ ಆದ್ಯಾನೇ!"

ಮ್ಯಾನೇಜರ್ ಮೇಡಂ ಹತ್ತಿರ ಬಂದು, "ಕಾಶವ್ವ! ವಾವ್, ಎಷ್ಟು ಚೆನ್ನಾಗಿದೆ!" ಎಂದರು. ಅದೇ ಮೇಡಂ, ಅದೇ ಬಾಯಿ. ಸಿಟ್ಟು ನೆತ್ತಿಗೇರಿತು. ದ್ಯಾಮವ್ವ ಒಂಥರಾ, ಕಾಶವ್ವ ವಾವ್! ಹೆಸರಿನಲ್ಲಿ ಏನೂ ಇಲ್ಲ ಕಣ್ರೀ, ಅದನ್ನು ಹೊತ್ತವರು ಯಾರು ಎಂದಷ್ಟೇ ನೋಡುತ್ತಾರೆ. ಇಷ್ಟು ತಿಳಿಯಲು ನಾನು ಅವ್ವನ ಹೆಸರನ್ನೇ ಕಳೆದುಕೊಳ್ಳಬೇಕಾಯಿತು.

"ದಿವ್ಯಾ, ನಿಮ್ಮ ನೇಟಿವ್ ಕಡೆ ಈ ಥರ ಹೆಸರು ಇರತ್ತಾ?" ಎಂದು ಆ ತಾಯಿ ಕೇಳಿದಳು. ನೇಟಿವ್ ಎಂದರೆ ಇಲ್ಲಿಯವರ ಬಾಯಲ್ಲಿ ಹುಟ್ಟೂರು.

"ಇಲ್ಲ ಮೇಡಂ," ಎಂದೆ.

ಯಾಕೆ ಹಾಗೆಂದೆನೋ ನನಗೇ ಗೊತ್ತಿಲ್ಲ. ಪೂರ್ತಿ ಸುಳ್ಳೂ ಅಲ್ಲ. ನಮ್ಮ ಮನೆಯಲ್ಲಂತೂ ಆ ಹೆಸರಿನವರು ಈಗ ಯಾರೂ ಇಲ್ಲ. ಬಾಟಲಿಯ ಮೇಲೆ ಕಾಶಿ ಎಂದು ಬರೆದು ಅಂಟಿಸಿದೆ. ಈಗ ಊರಿಗೆ ಫೋನ್ ಮಾಡಿದಾಗ ಆದ್ಯಾ ಎಂದು ಕೂಗುತ್ತೇನೆ, ಅದು ಇಲ್ಲಿಯ ಹೆಸರು. ಇಲ್ಲಿ ದಿನಕ್ಕೆ ನೂರು ಸಲ ಕಾಶಿ ಎನ್ನುತ್ತೇನೆ, ಅದು ನಮ್ಮ ಮನೆಯ ಹೆಸರು. ಎರಡೂ ಕಡೆ ನನ್ನದಲ್ಲದ್ದನ್ನೇ ಕರೆಯುತ್ತಿದ್ದೇನೆ ಅನ್ನಿಸುತ್ತದೆ.

ಮೊನ್ನೆ ಮಧ್ಯಾಹ್ನ ಕೂಸುಗಳೆಲ್ಲ ಮಲಗಿದ್ದವು. ಪರದೆ ಎಳೆದಿತ್ತು. ಜೊತೆಯ ಆಯಾ ಊಟಕ್ಕೆ ಹೋಗಿದ್ದಳು. ಕಾಶಿಯೊಬ್ಬಳು ನಿದ್ದೆ ಮಾಡದೆ ನನ್ನನ್ನೇ ನೋಡುತ್ತಿದ್ದಳು. ಸುತ್ತ ಒಮ್ಮೆ ನೋಡಿದೆ. ತೊಟ್ಟಿಲಿಗೆ ಬಾಗಿ, ಅವಳ ಕಿವಿಗೆ ಬಾಯಿಟ್ಟು, "ಕುರ್‍ರ್" ಎಂದೆ.

"ಯವ್ವಾ, ನಾ ದ್ಯಾಮವ್ವ ಬೇ."

ಕೂಸು ಕಣ್ಣು ಪಿಳಿಪಿಳಿ ಬಿಟ್ಟಿತು. ನಾನು ಹಾಗೆಯೇ ಬಾಗಿಕೊಂಡು ಸ್ವಲ್ಪ ಹೊತ್ತು ಕಾದೆ. ಬೆನ್ನಿಗೆ ಗುದ್ದಲು ಯಾರೂ ಇರಲಿಲ್ಲ.